ಕಂಬಳಿ ಬಿಟ್ಟು ಎದ್ದವಳು

ನವನಗರ, ಬಾಗಲಕೋಟೆ
12 ಜೂನ್ 2023

ಪ್ರೀತಿಯ ಮಹಾದೇವಿ,

ಹುಬ್ಬಳ್ಳಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನಿನ್ನ ಹಾಸಿಗೆಯ ಪಕ್ಕ ಒಂದು ತಾಸು ಕುಳಿತು ಮಾತಾಡಿದ ಕಸ್ತೂರಿ ನಾನು. ಪತ್ರ ಬರೆಯುತ್ತೇನೆ ಅಂದಾಗ ನೀನು ನಕ್ಕೆ. "ಈಗ ಯಾರ್ ಪತ್ರ ಬರೀತಾರ್ರಿ ಅಕ್ಕಾರ? ಫೋನ್ ಹಚ್ರಿ" ಅಂದೆ. ಮರುಗಳಿಗೆಯಲ್ಲಿ ನೀನೇ, "ಬ್ಯಾಡ್ರಿ, ಬರೀರಿ. ಮನಿಗೆ ಇರೂದ ಒಂದ ಫೋನು, ಅದೂ ನಮ್ಮ ಮನಿಯವರ ಕಿಸೆದಾಗ. ನಾ ದಿನಕ್ಕ ಎಷ್ಟ ಸಲ ಸಂಡಾಸಕ್ಕ ಹೋದ್ನಿ ಅನ್ನೂದನ್ನ ಇಡೀ ಕುರಿಹಟ್ಟಿ ಕೇಳಬೇಕೇನ?" ಅಂದೆ. ಆ ಮಾತು ನನಗೆ ಹಿಡಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಿಬ್ಬರದೂ ಒಂದೇ ಕಥೆ. ದೊಡ್ಡ ಕರುಳಿನ ತುಂಬ ಹುಣ್ಣು, ವರ್ಷಗಟ್ಟಲೆ ರಕ್ತ, ಗುಳಿಗೆ, ಕೊನೆಗೆ ಆಪರೇಶನ್. ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನ ತುದಿಯನ್ನು ಮಡಚಿ ಹೊಲಿದು ಒಳಗೇ ಒಂದು ಚೀಲ ಮಾಡುತ್ತಾರೆ. ಡಾಕ್ಟರುಗಳ ಬಾಯಲ್ಲಿ ಅದು ಪೌಚ್. ಅದು ಮಾಯುವ ತನಕ ಮಲ ಬೀಳಲು ಹೊಟ್ಟೆಯ ಮೇಲೆ ಬ್ಯಾಗು. ನಿನ್ನ ಬ್ಯಾಗು ಹೋಗಿ ಒಂದು ತಿಂಗಳಾಯಿತು. ನನ್ನದು ಹೋಗಿ ಹನ್ನೊಂದು ವರ್ಷ.

ಅನ್ನ, ಮೊಸರು, ಬಾಳೆಹಣ್ಣು, ಮೆತ್ತಗಿನ ರೊಟ್ಟಿ ಉಣ್ಣು. ಕೆಂಪು ಮೆಣಸಿನಕಾಯಿ ಹಿಂಡಿ ಸದ್ಯಕ್ಕೆ ಬೇಡ. ದಿನಕ್ಕೆ ಆರೇಳು ಸಲ ಹೋಗಬೇಕಾದರೆ ಹೆದರಬೇಡ, ನಮಗೆ ಅದು ಸಹಜ. ಅಂದು ನೀನು ನನ್ನ ಕೈ ಹಿಡಿದು, "ಮುಂದ ಮತ್ತೇನೂ ಆಗೂದಿಲ್ಲಲ್ರಿ?" ಎಂದು ಮೂರು ಸಲ ಕೇಳಿದೆ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದು ಕೊಡುತ್ತೇನೆ. ಈ ಹನ್ನೊಂದು ವರ್ಷದಲ್ಲಿ ನನಗೆ ಒಂದು ದಿನವೂ ತೊಂದರೆಯಾಗಿಲ್ಲ. ಜಾಗ್ರತೆಯಿಂದ ಇದ್ದವರಿಗೆ ಏನೂ ಆಗುವುದಿಲ್ಲ.

ತೊಂದರೆ ಕೊಡುವುದು ಹೊಟ್ಟೆಯಲ್ಲ, ನಮ್ಮ ಸಾರ್ವಜನಿಕ ಜೀವನ. ಬರುವಾಗ ಒಂದು ಬಸ್ ನಿಲ್ದಾಣದಲ್ಲಿ ಹೆಂಗಸರ ಪಾಯಖಾನೆಗೆ ಬೀಗ. ಊರಿನ ಹೆಸರು ಬರೆದರೆ ಮತ್ತೆ ರಕ್ತ ಕುದಿಯುತ್ತದೆ, ಬಿಡು. ಕೀಲಿ ಯಾರ ಹತ್ತಿರ ಅಂದರೆ, ಚಹಾದಂಗಡಿಯವನ ಹತ್ತಿರ. ಅವನು ಊಟಕ್ಕೆ ಹೋಗಿದ್ದಾನೆ. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಂಡ ಕಟ್ಟಿ ನೀರು ನಿಲ್ಲಿಸಿದ ನಾಡಿನಲ್ಲಿ ಒಂದು ಬಾಗಿಲು ತೆರೆದಿಡಲು ಆಗುವುದಿಲ್ಲವೇ? ಹಳೆಯ ಊರಿನ ವಾಚನಾಲಯದಲ್ಲಿ ಮೂವತ್ನಾಲ್ಕು ವರ್ಷ ಪುಸ್ತಕ ಕಾದವಳು ನಾನು. ಬಾಗಿಲು ತೆರೆಯುವುದೇ ಕೆಲಸವಾಗಿದ್ದವಳಿಗೆ ಮುಚ್ಚಿದ ಬಾಗಿಲು ಕಂಡರೆ ಆಗುವುದಿಲ್ಲ. ಅರ್ಜಿ ಬರೆದಿದ್ದೇನೆ.

ನಿನ್ನ,
ಕಸ್ತೂರಿ


ಗುಡೂರು
3 ಜುಲೈ 2023

ಕಸ್ತೂರಿ ಅಕ್ಕನವರಿಗೆ ಮಹಾದೇವಿಯ ನಮಸ್ಕಾರಗಳು.

ನಿಮ್ಮ ಪತ್ರವನ್ನು ಬಣವೆಯ ಹಿಂದೆ ನಿಂತು ಓದಿದೆ. ಪಿಯುಸಿ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ, ತಪ್ಪಿದ್ದರೆ ನಗಬೇಡಿ.

ನಾನು ಅರಾಮ ಇದ್ದೇನೆ. ದಿನಕ್ಕೆ ಆರು ಸಲ. ನಮ್ಮ ಮನೆಯವರು ಹಣಮಪ್ಪ, ನೀವು ನೋಡಿದ್ದೀರಿ, ಡಾಕ್ಟರು ಚಿತ್ರ ಬರೆದು ಪೌಚ್ ಅಂದರೇನು ಎಂದು ತಿಳಿಸುವಾಗ ನಡುವೆ ಬಾಯಿ ಹಾಕಿದವರು. "ಇಷ್ಟ ಅಲ್ಲೇನ್ರಿ ಸಾಹೇಬ್ರ? ಕುರಿಗೆ ದೇವರು ನಾಕ ಹೊಟ್ಟಿ ಕೊಟ್ಟಾನ. ನಮ್ಮಾಕಿಗೆ ನೀವು ಎರಡನೇದ ಕೊಟ್ರಿ" ಅಂದಿದ್ದರು. ಈಗ ಊರಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಹಿತ್ತಲಲ್ಲಿ ತಾವೇ ಕಲ್ಲು ಹೊತ್ತು ಸಂಡಾಸ ಕಟ್ಟಿಸಿದ್ದಾರೆ.

ನಾನು ಹಾಡುವವಳು ಎಂದು ನಿಮಗೆ ಹೇಳಿದ್ದೆ. ಡೊಳ್ಳಿನ ಹಾಡಿಕೆ. ನಮ್ಮದು ಹೆಂಗಸರ ಮ್ಯಾಳ, ನಾನು ಮುಂದಾಳು. ಕಲಿಸಿದವರು ಗಾಳೆಪ್ಪ ಕಾಕಾ. ನಿನ್ನೆ ಬಂದು ಕಟ್ಟೆಯ ಮೇಲೆ ಕುಳಿತು, "ಒಂದ ವರ್ಷ ಆತು, ನೀ ಇಲ್ಲದ ಮ್ಯಾಳ ಗಂಟಿ ಇಲ್ಲದ ಹಿಂಡಿನಂಗ ಆಗೇತಿ. ಯಾವಾಗ ಬರ್ತಿ?" ಎಂದು ಕೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ಹುಣ್ಣಿನ ಕಾಯಿಲೆ ಹಿಡಿದ ಮೇಲೆ ನಾನು ಮರಳಿ ಹಾಡುತ್ತೇನೆ ಎಂದು ನಂಬಿದವರು ಅವರೊಬ್ಬರೇ.

ಆದರೆ ಒಂದು ಹೆದರಿಕೆ. ನಮ್ಮ ಹಾಡಿಕೆಯಲ್ಲಿ ಎರಡು ಮ್ಯಾಳ ಎದುರುಬದುರು. ಅವರು ಸವಾಲು ಹಾಡುವಾಗ ನಮ್ಮ ಮುಂದಾಳು ಕಂಬಳಿಯ ಮೇಲೆ ಕುಳಿತು ಕೇಳಬೇಕು; ಅವರ ಪದ ಮುಗಿದ ಮೇಲೆ ಎದ್ದು ಜವಾಬು ಹಾಡಬೇಕು. ಕಂಬಳಿ ನಮಗೆ ಬೀರಪ್ಪ ದೇವರ ಗದ್ದುಗೆ. ಸವಾಲಿನ ನಡುವೆ ಕಂಬಳಿ ಬಿಟ್ಟು ಎದ್ದರೆ ಸೋತಂತೆ. ಒಂದೊಂದು ಸವಾಲು ಮುಕ್ಕಾಲು ತಾಸು ನಡೆಯುತ್ತದೆ. ಕೂಡುವುದು ಆಗುತ್ತದೆಯೇ?

ಹಾಡಿಕೆಯ ದಿನಕ್ಕೆ ನಮ್ಮಲ್ಲಿ ನೇಮಗಳಿವೆ. ಅವನ್ನೆಲ್ಲ ಪಾಲಿಸಿದರೆ ಆದೀತು ಎಂದುಕೊಂಡಿದ್ದೇನೆ.

ನಿಮ್ಮ,
ಮಹಾದೇವಿ


ನವನಗರ, ಬಾಗಲಕೋಟೆ
19 ಆಗಸ್ಟ್ 2023

ಪ್ರೀತಿಯ ಮಹಾದೇವಿ,

ಧಾರಾಳವಾಗಿ ಆಗುತ್ತದೆ. ನಾನು ಮುಳುಗಡೆ ಪರಿಹಾರದ ಸಭೆಗಳಲ್ಲಿ ಎರಡೆರಡು ತಾಸು ಕುರ್ಚಿ ಬಿಡದೆ ಕುಳಿತವಳು. ಅಧಿಕಾರಿಗಳು ಎದ್ದು ಹೋದರು, ನಾನು ಏಳಲಿಲ್ಲ. ನೇಮ ಪಾಲಿಸುವುದು ಒಳ್ಳೆಯದೇ. ಮಿಂದು ಮಡಿಯುಟ್ಟು ಭಂಡಾರದ ಅರಿಶಿನ ಹಚ್ಚಿಕೊಂಡು ಕುಳಿತರೆ ಮನಸ್ಸಿಗೆ ಒಂದು ಹಿಡಿತ ಬರುತ್ತದೆ. ನಮ್ಮ ಕಾಯಿಲೆಗೆ ಬೇಕಾದದ್ದು ಅದೇ.

ಪಾಯಖಾನೆಯ ಅರ್ಜಿಗೆ ಉತ್ತರ ಬಂತು: "ಪರಿಶೀಲನೆಯಲ್ಲಿದೆ." ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗುವ ಕಾಲದಿಂದ ಈ ಶಬ್ದವನ್ನು ಓದುತ್ತ ಬಂದಿದ್ದೇನೆ. ಪರಿಶೀಲನೆಯಲ್ಲೇ ನಮ್ಮ ಓಣಿ ನೀರಿನೊಳಗೆ ಹೋಯಿತು, ಬೇವಿನ ಮರ ಹೋಯಿತು, ವಾಚನಾಲಯದ ಕಟ್ಟೆ ಹೋಯಿತು. ಇಪ್ಪತ್ತು ವರ್ಷದ ಹಿಂದಿನ ಉತ್ತರವನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಾಗದ ಬೇರೆ, ಅಕ್ಷರದ ಯಂತ್ರ ಬೇರೆ, ಸುಳ್ಳು ಅದೇ.

ನೀನು ಹಾಡು. ನಾನು ಇಲ್ಲಿಂದ ಕೇಳಿಸಿಕೊಳ್ಳುತ್ತೇನೆ.

ಕಸ್ತೂರಿ


ಗುಡೂರು
6 ನವೆಂಬರ್ 2023

ಅಕ್ಕನವರಿಗೆ ನಮಸ್ಕಾರ.

ಎರಡು ಕಡೆ ಹಾಡಿಕೆ ಆಯಿತು. ಅಮೀನಗಡದ ಹತ್ತಿರ ಒಂದು, ನಮ್ಮೂರಲ್ಲಿ ಒಂದು. ಎರಡರಲ್ಲೂ ಏಳಲಿಲ್ಲ. ಎಳ್ಳಮಾವಾಸ್ಯೆ ಮುಗಿದ ಐತವಾರ ಬಾಳಮ್ಮನ ಮ್ಯಾಳದ ಜೊತೆ ದೊಡ್ಡ ಹಾಡಿಕೆ ಇದೆ. ಬಾಳಮ್ಮ ನಲವತ್ತು ವರ್ಷದಿಂದ ಹಾಡುವವಳು, ಅವಳನ್ನು ಗೆದ್ದವರು ಕಡಿಮೆ.

ನಿಮಗೆ ಎಂದಾದರೂ ಮೊಣಕಾಲು ನೋಯುತ್ತಿತ್ತೇ? ಸಂಜೆಗೆ ಸಣ್ಣ ಜ್ವರ ಬಂದದ್ದು ಉಂಟೇ? ಸುಮ್ಮನೆ ಕೇಳಿದೆ. ಲೆಕ್ಕ ಮೊದಲಿನಷ್ಟೇ ಇದೆ.

ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿದೆ. ಹೆಚ್ಚು ಬರೆಯಲು ಆಗಲಿಲ್ಲ.

ಮಹಾದೇವಿ


ನವನಗರ, ಬಾಗಲಕೋಟೆ
20 ನವೆಂಬರ್ 2023

ಪ್ರೀತಿಯ ಮಹಾದೇವಿ,

ಇಲ್ಲ. ನನಗೆ ಹಾಗೇನೂ ಆಗಿಲ್ಲ. ಮೂವತ್ತೆರಡಕ್ಕೇ ಮೊಣಕಾಲೇ? ಚಳಿಗಾಲ, ನೆಲದ ಮೇಲೆ ಕೂಡುವುದು, ಇನ್ನೇನು. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು. ದೊಡ್ಡ ಹಾಡಿಕೆಯ ಹೆದರಿಕೆ ಮೈಗೆ ಇಳಿದಿದೆ, ಅಷ್ಟೇ. ಮನಸ್ಸು ಗಟ್ಟಿ ಮಾಡಿಕೋ.

ಈ ತಿಂಗಳು ಓಣಿಯ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಶಿಕ್ಷಕನೊಬ್ಬ ಗುಹೆಯ ಮುಂದೆ ನಿಂತು ಇಸವಿ ತಪ್ಪು ಹೇಳಿದ. ನೂರು ವರ್ಷ ಹಿಂದೆಮುಂದೆ. ತಿದ್ದಿದರೆ, "ಮೇಡಂ, ಪರೀಕ್ಷೆಗೆ ಬರೂದಿಲ್ರಿ ಅದು" ಅಂದ. ಪರೀಕ್ಷೆಗೆ ಬಾರದ ಸತ್ಯಕ್ಕೆ ಈ ಕಾಲದಲ್ಲಿ ಬೆಲೆಯಿಲ್ಲ. ಮನೆಗೆ ಬಂದು ಅವನ ಶಾಲೆಗೆ ನಾಲ್ಕು ಪುಟದ ಪತ್ರ ಬರೆದೆ.

ಬಾಳಮ್ಮನನ್ನು ಸೋಲಿಸಿ ನನಗೆ ತಿಳಿಸು.

ಕಸ್ತೂರಿ


ನವನಗರ, ಬಾಗಲಕೋಟೆ
24 ಜನವರಿ 2024

ಮಹಾದೇವಿ,

ಹಾಡಿಕೆ ಮುಗಿದು ಹತ್ತು ದಿನವಾಯಿತು. ಗೆದ್ದ ಸಂಭ್ರಮದಲ್ಲಿ ಮುದುಕಿಯನ್ನು ಮರೆತೆಯಾ? ಎರಡು ಸಾಲು ಬರೆ.

ಕಸ್ತೂರಿ


ನವನಗರ, ಬಾಗಲಕೋಟೆ
12 ಫೆಬ್ರುವರಿ 2024

ಮಹಾದೇವಿ,

ನಿನ್ನೆ ತಡೆಯದೆ ಹಣಮಪ್ಪನಿಗೆ ಫೋನು ಹಚ್ಚಿದೆ. "ಅರಾಮ ಅದಾಳ್ರಿ ಅಕ್ಕಾರ, ಸ್ವಲ್ಪ ಸೊರಗ್ಯಾಳ ಅಷ್ಟ" ಅಂದ. ನಿನಗೆ ಕೊಡು ಅಂದೆ. ಒಳಗೆ ಹೋಗಿ ಬಂದು, "ರೊಟ್ಟಿ ಮಾಡಾಕತ್ತಾಳಂತ್ರಿ" ಅಂದ. ಮಧ್ಯಾಹ್ನ ಮೂರು ಗಂಟೆಗೆ ಯಾರೂ ರೊಟ್ಟಿ ಮಾಡುವುದಿಲ್ಲ. ನನ್ನ ಮೇಲೆ ಕೋಪವೇ? ಇದ್ದರೆ ಅದನ್ನೇ ಬರೆ.

ಕಸ್ತೂರಿ


ಗುಡೂರು
19 ಫೆಬ್ರುವರಿ 2024

ಅಕ್ಕನವರಿಗೆ,

ಇದು ನನ್ನ ಕೊನೆಯ ಪತ್ರ. ಇನ್ನು ಬರೆಯಬೇಡಿ. ನಿಮ್ಮ ಪತ್ರ ಬಂದಾಗೆಲ್ಲ ನನಗೆ ನಾಚಿಕೆಯಾಗುತ್ತದೆ.

ನಾನು ಬಾಳಮ್ಮನ ಮುಂದೆ ಸೋತೆ. ಮಧ್ಯಾಹ್ನದ ಹೊತ್ತು, ಬೀರಪ್ಪನ ಗುಡಿಯ ಮುಂದೆ ಐದಾರು ನೂರು ಜನ. ಅವಳ ಸವಾಲು ಇದು: ತಾಯಿಯಿಲ್ಲದ ಕೂಸನ್ನು ಅಡವಿಯ ಮರಕ್ಕೆ ತೊಟ್ಟಿಲು ಕಟ್ಟಿ ಬಿಟ್ಟಾಗ ಜೋಗುಳ ಹಾಡಿದವರು ಯಾರು? ಜವಾಬು ನನಗೆ ಗೊತ್ತಿತ್ತು. ಗಾಳೆಪ್ಪ ಕಾಕಾ ಕಲಿಸಿದ್ದರು, ಗಾಳಿ ಎಂದು. ನಾಲಗೆಯ ತುದಿಯಲ್ಲಿತ್ತು. ಆದರೆ ಅವಳ ಪದ ಅರ್ಧಕ್ಕೂ ಬಂದಿರಲಿಲ್ಲ, ನನ್ನ ಹೊಟ್ಟೆ ಹಿಂಡಿತು. ತಡೆದೆ. ಹಲ್ಲು ಕಚ್ಚಿದೆ. ಆಮೇಲೆ ತಡೆಯಲು ಆಗಲಿಲ್ಲ. ಎದ್ದೆ.

ಡೊಳ್ಳು ನಿಂತಿತು. ಬಾಳಮ್ಮ ಪದ ನಿಲ್ಲಿಸಲಿಲ್ಲ, ಅದೇ ಧಾಟಿಯಲ್ಲಿ ಕಟ್ಟಿ ಹಾಡಿದಳು: "ಏಳವ್ವಾ ತಂಗಿ ಏಳ, ಜವಾಬು ಹೊಲದಾಗ ಬಿದ್ದೈತಿ, ಆರಿಸ್ಕೊಂಡ ಬಾರ." ಜನ ಬಿದ್ದುಬಿದ್ದು ನಕ್ಕರು. ನಾನು ಓಡಿದೆ. ಸೀರೆ ಕೆಟ್ಟಿತ್ತು. ಹೊಲದ ಬದುವಿನಿಂದಲೇ ಮನೆಗೆ ನಡೆದೆ. ಮರುದಿನ ಗಾಳೆಪ್ಪ ಕಾಕಾ ಬಂದು, "ಜವಾಬು ಮರತಿದ್ರ ಮರತೇನಿ ಅನಬೇಕಿತ್ತವ್ವಾ. ಓಡಿ ಹೋಗಬಾರದಿತ್ತು" ಅಂದರು. ಮರೆತದ್ದಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ನಿಮಗೆ ಸುಳ್ಳು ಬರೆದಿದ್ದೆ. ಆರು ಸಲ ಎಂಬುದು ಅಕ್ಟೋಬರಿನಲ್ಲೇ ಹತ್ತಾಯಿತು. ಈಗ ಹದಿನೆಂಟು. ರಾತ್ರಿ ಹಾಸಿಗೆ ತೊಯ್ಯುತ್ತದೆ. ಎರಡು ಸಲ ರಕ್ತ ಕಂಡೆ. ಸಂಜೆಯಾದರೆ ಜ್ವರ, ಮೊಣಕಾಲು ಬೀಗುತ್ತವೆ. ಕಾಯಿಲೆ ಮರಳಿ ಬಂದಿದೆ. ಕರುಳೇ ಇಲ್ಲದ ಮೇಲೂ ಬರುತ್ತದೆ ಎಂದರೆ ನಾನು ಎಂಥ ತಪ್ಪು ಮಾಡಿರಬೇಕು! ದಸರೆಯ ಹಬ್ಬದಲ್ಲಿ ಒಂದು ಮಿರ್ಚಿಭಜಿ ತಿಂದಿದ್ದೆ. ಎರಡು ದಿನ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದೆ. ನೀವು ಹನ್ನೊಂದು ವರ್ಷ ಜಾಗ್ರತೆಯಿಂದ ಕಾಪಾಡಿದ್ದನ್ನು ನಾನು ಒಂಬತ್ತು ತಿಂಗಳೂ ಉಳಿಸಿಕೊಳ್ಳಲಿಲ್ಲ.

ಹಾಡಿಕೆಯ ದಿನ ನಮ್ಮಲ್ಲಿ ಹೊತ್ತು ಹುಟ್ಟುವ ಮೊದಲಿನಿಂದ ಮಂಗಳಾರತಿಯವರೆಗೆ ನೀರನ್ನೂ ಮುಟ್ಟುವುದಿಲ್ಲ. ಅದೇ ನೇಮ. ಆ ದಿನಗಳಲ್ಲಿ ಕಡಿಮೆ ಹೋಗಬೇಕಾಗುತ್ತಿತ್ತು. ಅದನ್ನು ನೋಡಿ ಈಗ ದಿನವೂ ನೇಮ ಹಿಡಿದಿದ್ದೇನೆ. ಬೆಳಿಗ್ಗೆ ಎರಡು ಗುಟುಕು, ರಾತ್ರಿ ಎರಡು ಗುಟುಕು. ಮೂತ್ರವೂ ಕಡಿಮೆಯಾಗಿದೆ, ಬೆಲ್ಲದ ಪಾಕದ ಬಣ್ಣ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ದವಾಖಾನೆಗೆ ಹೋಗುವುದಿಲ್ಲ. ಹೋದರೆ ಮತ್ತೆ ಹೊಟ್ಟೆಯ ಮೇಲೆ ಬ್ಯಾಗು ಇಡುತ್ತಾರೆ. ಮನೆಯವರಿಗೆ ಹೇಳಿಲ್ಲ. ಕಲ್ಲು ಹೊತ್ತು ಕಟ್ಟಿಸಿದ ಮನುಷ್ಯನಿಗೆ ಯಾವ ಮುಖದಿಂದ ಹೇಳಲಿ?

ನೀವು ಚೆನ್ನಾಗಿರಿ.

ಮಹಾದೇವಿ


ನವನಗರ, ಬಾಗಲಕೋಟೆ
22 ಫೆಬ್ರುವರಿ 2024
(ಕಂಡಕ್ಟರ್ ಅರ್ಷದನ ಕೈಯಲ್ಲಿ)

ಮಹಾದೇವಿ,

ಮೊದಲು ಒಂದು ತಂಬಿಗೆ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ ಹಾಕಿ ಕದಡಿ ಗುಟುಕು ಗುಟುಕಾಗಿ ಕುಡಿ. ಕುಡಿಯುತ್ತ ಓದು.

ನಾನು ನಿನಗೆ ಸುಳ್ಳು ಹೇಳಿದ್ದೇನೆ.

ಹನ್ನೊಂದು ವರ್ಷದಲ್ಲಿ ನನಗೆ ಇದೇ ತೊಂದರೆ ನಾಲ್ಕು ಸಲ ಬಂದಿದೆ. ಮೊದಲನೆಯದು ಆಪರೇಶನ್ ಆದ ಏಳನೆಯ ತಿಂಗಳಲ್ಲಿ. ಜ್ವರ, ಮೊಣಕಾಲು, ತೊಯ್ದ ಹಾಸಿಗೆ, ನೀನು ಬರೆದದ್ದೆಲ್ಲ ನನ್ನ ಮೈಗೆ ಗೊತ್ತು. ಅಂದು ಹುಬ್ಬಳ್ಳಿಯಲ್ಲಿ, ಪರಿಚಯದವರನ್ನು ನೋಡಲು ಬಂದೆ ಎಂದು ನಿನಗೆ ಹೇಳಿದೆನಲ್ಲ, ಅದೂ ಸುಳ್ಳು. ನಾಲ್ಕನೆಯ ಸಲ ತೋರಿಸಿಕೊಂಡು, ಗುಳಿಗೆಯ ಚೀಟಿಯನ್ನು ಚೀಲದಲ್ಲಿಟ್ಟುಕೊಂಡು ನಿನ್ನ ಪಕ್ಕ ಕುಳಿತಿದ್ದೆ.

ಇದು ನಿನ್ನ ಹಳೆಯ ಕಾಯಿಲೆಯಲ್ಲ. ಹೊಸದಾಗಿ ಹೊಲಿದ ಆ ಚೀಲವೇ ಒಳಗೆ ಕೆಂಪಾಗಿ ಬೀಗುತ್ತದೆ. ಪೌಚಿನ ಉರಿಯೂತ ಅನ್ನುತ್ತಾರೆ. ನಮ್ಮಂಥವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಒಮ್ಮೆಯಾದರೂ ಬರುತ್ತದೆ. ಮಿರ್ಚಿಭಜಿಯಿಂದ ಬಂದದ್ದಲ್ಲ, ನಿನ್ನ ತಪ್ಪಿನಿಂದ ಬಂದದ್ದಲ್ಲ. ಕ್ಯಾಮೆರಾ ಹಾಕಿ ನೋಡುತ್ತಾರೆ, ಎರಡು ವಾರ ಗುಳಿಗೆ ಕೊಡುತ್ತಾರೆ, ಬಹಳ ಮಂದಿಗೆ ಅಷ್ಟರಲ್ಲೇ ಇಳಿಯುತ್ತದೆ. ನಾಲ್ಕು ಸಲ ಬಂದರೂ ನನಗೆ ಯಾರೂ ಬ್ಯಾಗು ಹಾಕಲಿಲ್ಲ. ತಡ ಮಾಡಿದರೆ ಮಾತ್ರ ಅದು ಹಠಮಾರಿಯಾಗುತ್ತದೆ. ಇನ್ನು ನೀರು: ನೀರನ್ನು ಹೀರುವ ದೊಡ್ಡ ಕರುಳು ನಮಗಿಲ್ಲ. ಉಳಿದವರು ಒಂದು ದಿನ ನೀರು ಬಿಡಬಹುದು, ನಾವು ಬಿಡುವ ಹಾಗಿಲ್ಲ. ನಿನ್ನ ಮೂತ್ರಪಿಂಡ ಕೆಡುತ್ತಿದೆ. ಇವತ್ತೇ ಹೊರಡು.

ಯಾಕೆ ಸುಳ್ಳು ಹೇಳಿದೆ ಎಂದು ನಿನ್ನ ಪತ್ರ ಕೈಗೆ ಬಂದಾಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ನೀನು ಕೈ ಹಿಡಿದು ಕೇಳಿದೆ, ನಿನಗೆ ಧೈರ್ಯ ಬೇಕಿತ್ತು ಎಂದು ಬರೆಯಬಹುದು. ಅದು ಅರ್ಧ ಸತ್ಯ. ಇನ್ನರ್ಧ, ಏನೂ ಆಗದ ಗಟ್ಟಿಗಿತ್ತಿ ಎಂದು ಅನಿಸಿಕೊಳ್ಳುವ ಆಸೆ. ನವೆಂಬರಿನಲ್ಲಿ ನೀನು ಮೊಣಕಾಲು ಅಂದಾಗಲೇ ಇದು ಅದೇ ಎಂದು ನನಗೆ ಗೊತ್ತಾಯಿತು. ಆಗ ಹೇಳಿದ್ದರೆ ಮೊದಲಿನ ಸುಳ್ಳು ಹೊರಬೀಳುತ್ತಿತ್ತು. ಎಳ್ಳೆಣ್ಣೆ ಹಚ್ಚು ಎಂದು ಬರೆದು, ಯಾವನೋ ಶಿಕ್ಷಕನ ಇಸವಿ ತಿದ್ದಲು ನಾಲ್ಕು ಪುಟ ಬರೆದೆ.

ಊರು ಮುಳುಗುವ ಕಾಲಕ್ಕೆ ಒಬ್ಬ ಗುಮಾಸ್ತ ನಮ್ಮ ಓಣಿಗೆ ಬಂದು, "ಇಲ್ಲಿ ಯಾರೂ ಉಳಿದಿಲ್ಲ" ಎಂದು ಬರೆದುಕೊಂಡು ಹೋದ. ಆಗ ನಮ್ಮವ್ವ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಅವನಿಗೂ ಕೇಳಿಸಿತ್ತು. ಇಪ್ಪತ್ತೈದು ವರ್ಷವಾದರೂ ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ನಿನಗೆ ನಾನು ಕೊಟ್ಟದ್ದೂ ಅಂಥದೇ ವರದಿ. "ಒಂದು ದಿನವೂ ತೊಂದರೆಯಾಗಿಲ್ಲ."

ಅರ್ಷದ ಚಿಕ್ಕಂದಿನಲ್ಲಿ ನಮ್ಮ ವಾಚನಾಲಯದ ಹುಡುಗ, ನಂಬಿಗಸ್ಥ. ನಿನ್ನ ಕೈಗೇ ಕೊಡು ಎಂದು ಹೇಳಿದ್ದೇನೆ. ಎರಡು ಗಂಟೆಗೆ ಹಣಮಪ್ಪನಿಗೆ ಫೋನು ಹಚ್ಚುತ್ತೇನೆ. ಅಷ್ಟರೊಳಗೆ ನೀನೇ ಅವನಿಗೆ ಹೇಳು. ಹೇಳದಿದ್ದರೆ ನಾನು ಹೇಳುತ್ತೇನೆ.

ಕಸ್ತೂರಿ


ಹುಬ್ಬಳ್ಳಿ
3 ಮಾರ್ಚ್ 2024

ಅಕ್ಕನವರಿಗೆ,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ನಾಲ್ಕು ದಿನ ಸಲೈನ್ ಹಾಕಿದರು. ಮೂತ್ರಪಿಂಡ ದಾರಿಗೆ ಬಂದಿದೆ. ಕ್ಯಾಮೆರಾ ಹಾಕಿ ನೋಡಿ, ನೀವು ಬರೆದ ಹೆಸರನ್ನೇ ಹೇಳಿದರು. ಗುಳಿಗೆ ಶುರುವಾಗಿದೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಇರುತ್ತದೆ. ನಿನ್ನೆ ಹತ್ತು ಸಲ, ಇವತ್ತು ಈವರೆಗೆ ಐದು. ಇನ್ನೊಂದು ವಾರ ಬಿಟ್ಟಿದ್ದರೆ ಡಯಾಲಿಸಿಸ್ ಮಾಡಬೇಕಾಗುತ್ತಿತ್ತು ಎಂದು ಡಾಕ್ಟರಮ್ಮ ಬೈದರು. ಬ್ಯಾಗಿನ ಮಾತು ಯಾರೂ ಎತ್ತಲಿಲ್ಲ.

ಅರ್ಷದಣ್ಣ ನಿಮ್ಮ ಪತ್ರವನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಸಂಡಾಸದಲ್ಲಿದ್ದೆ, ಬಸ್ಸು ಹಾರ್ನು ಹಾಕುತ್ತಿತ್ತು. ನಮ್ಮ ಮನೆಯವರ ಕೈಗೆ ಕೊಟ್ಟು ಹೋದ. ನಾನು ಹೊರಗೆ ಬಂದಾಗ ಅವರು ಕಟ್ಟೆಯ ಮೇಲೆ ಕುಳಿತು ಬೆರಳಿಟ್ಟು ಓದುತ್ತಿದ್ದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ತಲೆ ಎತ್ತಲಿಲ್ಲ. "ನೂರಾಹದಿನೆಂಟ ಕುರಿಯಾಗ ಯಾವ ಕುರಿ ನೀರ ಬಿಟ್ಟೈತಿ ಅಂತ ಕಣ್ಣ ನೋಡಿ ಹೇಳಾಂವ ನಾ. ಮನ್ಯಾಗಿನಾಕಿ ನೀರ ಬಿಟ್ಟದ್ದ ಕಾಣಲಿಲ್ಲಲ್ಲೇ ನನಗ" ಅಂದರು. ಆಮೇಲೆ ಒಳಗೆ ಹೋಗಿ ಉಪ್ಪು ಸಕ್ಕರೆ ಕದಡಿದರು. ಗಡಿಬಿಡಿಯಲ್ಲಿ ಉಪ್ಪು ಹೆಚ್ಚು ಬಿದ್ದಿತ್ತು. ನನ್ನ ತಲೆ ಹಿಡಿದು ಕುರಿಮರಿಗೆ ಕುಡಿಸಿದಂತೆ ಕುಡಿಸಿದರು.

ಅಕ್ಕಾ, ನಿಮ್ಮ ಮೇಲೆ ನನಗೆ ಕೋಪವಿದೆ. ಬರೆಯದಿದ್ದರೆ ಹೊಟ್ಟೆಯಲ್ಲಿ ಉಳಿಯುತ್ತದೆ. ನಾಲ್ಕು ತಿಂಗಳು ನಾನು ನನ್ನನ್ನೇ ಬೈದುಕೊಂಡೆ. ಹೊಲದ ಬದುವಿನಲ್ಲಿ ಕುಳಿತು, ಕಸ್ತೂರಿ ಅಕ್ಕ ಆಗಿದ್ದರೆ ಎದ್ದು ಬರುತ್ತಿರಲಿಲ್ಲ ಎಂದು ಅತ್ತೆ. ನಿಮ್ಮ ಒಂದು ಸಾಲು ನನ್ನನ್ನು ಈ ಸ್ಥಿತಿಗೆ ತಂದಿತು, ಇನ್ನೊಂದು ಪತ್ರ ಎತ್ತಿಕೊಂಡು ಬಂದು ಆಸ್ಪತ್ರೆಗೆ ಹಾಕಿತು. ಯಾವುದನ್ನು ನೆನೆಯಲಿ ತಿಳಿಯುತ್ತಿಲ್ಲ.

ಸುಳ್ಳು ನಾನೂ ಬರೆದಿದ್ದೇನೆ. ಅದನ್ನೂ ಮರೆತಿಲ್ಲ.

ಮಹಾದೇವಿ


ನವನಗರ, ಬಾಗಲಕೋಟೆ
10 ಮಾರ್ಚ್ 2024

ಮಹಾದೇವಿ,

ನಿನ್ನ ಕೋಪ ನ್ಯಾಯದ್ದು.

ಒಂದು ವಿಷಯಕ್ಕೆ ಮಾತ್ರ ಅಪ್ಪಣೆ ಕೇಳುತ್ತೇನೆ. ಆ ಗುಡಿಯ ಹಿರಿಯರಿಗೆ ಒಂದು ಅರ್ಜಿ ಬರೆಯಲೇ? ರೋಗಿಯಾದ ಮುಂದಾಳು ಕಂಬಳಿ ಬಿಟ್ಟು ಎದ್ದರೆ ಸೋಲೆಂದು ಎಣಿಸಬಾರದು ಎಂದು? ಮಸೂದೆ ಸಿದ್ಧವಿದೆ. ನೀನು ಬೇಡ ಅಂದರೆ ಹರಿದು ಹಾಕುತ್ತೇನೆ.

ಕಸ್ತೂರಿ


ಗುಡೂರು
20 ಮೇ 2024

ಅಕ್ಕನವರಿಗೆ ನಮಸ್ಕಾರ.

ಹರಿದು ಹಾಕಿರಿ. ನನ್ನ ಮಾತನ್ನು ನಾನೇ ಹೋಗಿ ಹೇಳಿ ಬಂದೆ.

ಗಾಳೆಪ್ಪ ಕಾಕಾನಿಗೆ ಮೊದಲು ಹೇಳಿದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನೀರಿನ ನೇಮ ಗಟ್ಟಿ ಮೈಯವರಿಗೆ ಮಾಡಿದ್ದವ್ವಾ. ಬೀರಪ್ಪ ಯಾರ ನೀರು ಕಸದಾಂವಲ್ಲ. ನಾ ಕೇಳಬೇಕಿತ್ತು" ಅಂದರು. ಆಮೇಲೆ ನಾನೊಬ್ಬಳೇ ಬಾಳಮ್ಮನ ಮನೆಗೆ ಹೋದೆ. ಅವಳು ಶೇಂಗಾ ಸುಲಿಯುತ್ತಿದ್ದಳು. ಹೊಟ್ಟೆಯ ಮೇಲಿನ ಗಾಯ ತೋರಿಸಿ, ಪೌಚ್ ಅಂದರೇನು, ಅಂದು ಏಕೆ ಎದ್ದೆ, ಎಲ್ಲ ಹೇಳಿದೆ. ಅವಳು ಬುಟ್ಟಿ ಸರಿಸಿ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಇಷ್ಟ ಅಲ್ಲೇನ ಹುಚ್ಚಿ?" ಅಂದಳು. "ಐದ ಹಡದಾಕಿ ನಾ. ಕೆಮ್ಮಿದ್ರ ಸೋರತೈತಿ. ನನ್ನ ಸವಾಲು ಮುಕ್ಕಾಲ ತಾಸ ಯಾಕ ನಡೀತೈತಿ ಅಂತ ತಿಳದಿ? ಕುಂತ್ರ ತಡಿಯೂದಿಲ್ಲ, ನಿಂತ್ರ ತಡೀತೈತಿ. ಅದಕ್ಕ ನಿಂತ ಹಾಡಾಕತ್ತೇನಿ." ಇಬ್ಬರೂ ನಕ್ಕೆವು. ಆಮೇಲೆ ಅವಳು ಗಂಭೀರವಾಗಿ, "ಆದ್ರ ತಂಗಿ, ಎದ್ರ ಸೋತಂಗನ ಮತ್ತ. ಅದರಾಗ ನಾ ಬಿಡೂದಿಲ್ಲ" ಅಂದಳು. ನನಗೆ ಅದೂ ಸರಿ ಅನಿಸಿತು.

ಬಸವ ಜಯಂತಿಯ ಎರಡು ದಿನದ ಮೇಲೆ ಅವಳ ಮ್ಯಾಳದ ಜೊತೆಗೇ ಮತ್ತೆ ಹಾಡಿಕೆ. ಬೆಳಿಗ್ಗೆಯಿಂದ ನೀರು ಕುಡಿದೆ, ಉಪ್ಪು ಹಾಕಿದ ಮಜ್ಜಿಗೆ ಕುಡಿದೆ, ಎಲ್ಲರ ಕಣ್ಣೆದುರೇ ಕುಡಿದೆ. ಎರಡನೆಯ ಸವಾಲಿನ ನಡುವೆ ಎದ್ದೆ. ಓಡಲಿಲ್ಲ, ನಡೆದು ಹೋದೆ. ನಮ್ಮ ಮನೆಯವರು ಕೊಡ ಹಿಡಿದು ದಾರಿಯಲ್ಲಿ ನಿಂತಿದ್ದರು. ಯಾವನೋ, "ಎಲ್ಲಿಗವ್ವಾ?" ಎಂದು ಕೂಗಿದ. "ಸಂಡಾಸಕ್ಕ, ನೀನೂ ಬರ್ತಿ?" ಅಂದೆ. ನಕ್ಕವರು ಅವನನ್ನು ನೋಡಿ ನಕ್ಕರು.

ಮರಳಿ ಬಂದಾಗ ಹಿರಿಯರು ನಮ್ಮ ಕಂಬಳಿ ಮಡಚಿ ಬಾಳಮ್ಮನ ಕಡೆ ಕೊಟ್ಟಿದ್ದರು. ಸೋತವರ ಕಂಬಳಿ ಮುಂದಿನ ಹಾಡಿಕೆಯವರೆಗೆ ಗೆದ್ದವರ ಮನೆಯಲ್ಲಿರುತ್ತದೆ. ಅಲ್ಲಿಗೆ ಮುಗಿಯಬೇಕು. ನಾನು ಬರಿ ನೆಲದ ಮೇಲೆ ನಿಂತೆ. "ಸೋತೇನಿ, ಒಪ್ಪಿದ್ನಿ. ಜವಾಬು ಹಾಡ್ತೇನಿ" ಅಂದೆ. ಡೊಳ್ಳಿನವರು ಗಾಳೆಪ್ಪ ಕಾಕಾನ ಮುಖ ನೋಡಿದರು. ಕಾಕಾ ತಾವೇ ತಾಳ ಹಿಡಿದರು. ಇಪ್ಪತ್ತು ನಿಮಿಷ ಹಾಡಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಕಂಬಳಿಯಿಲ್ಲದೆ ಹಾಡಿದ್ದು ನನಗೆ ಹಗುರವಾಗಿತ್ತು.

ಈಗ ಆರು ಸಲ. ಇದು ನಿಜವಾದ ಆರು.

ಅಕ್ಕಾ, ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಿದರೂ ಸಿಗುತ್ತಿಲ್ಲ. ಆದರೆ ಒಂದು ಕೇಳುತ್ತೇನೆ. ಯುಗಾದಿಗೆ ನೀವು ಕಳಿಸಿದ ಕಾರ್ಡಿನಲ್ಲಿ "ಅರಾಮ ಇದ್ದೇನೆ" ಎಂಬ ಒಂದೇ ಸಾಲು ಇತ್ತು. ಬೈಗುಳವಿಲ್ಲ, ಅರ್ಜಿಯಿಲ್ಲ, ಯಾರ ತಪ್ಪೂ ಇಲ್ಲ. ನೀವು ಅಷ್ಟು ಚಿಕ್ಕದಾಗಿ ಬರೆಯುವವರಲ್ಲ. ನಿಮಗೆ ದಿನಕ್ಕೆ ಎಷ್ಟು ಸಲ?

ಮಹಾದೇವಿ


ನವನಗರ, ಬಾಗಲಕೋಟೆ
27 ಮೇ 2024, ಸೋಮವಾರ
(ಅರ್ಷದನ ಕೈಯಲ್ಲಿ)

ಮಹಾದೇವಿ,

ಫೋನು ಹಚ್ಚಬಹುದಿತ್ತು. ಫೋನಿನಲ್ಲಿ ನನ್ನ ಬಾಯಿಂದ ಮತ್ತೆ "ಅರಾಮ ಅದೀನಿ" ಎಂದೇ ಬರುತ್ತದೆ. ಕಾಗದದ ಮೇಲೆ ಬರೆದರೆ ಹೊಡೆದು ಹಾಕಿ ಮತ್ತೆ ಬರೆಯಬಹುದು. ಈ ಕಾಗದ ಮೂರನೆಯದು.

ನಿನ್ನೆ ಹದಿನಾಲ್ಕು ಸಲ. ಸಂಜೆ ಜ್ವರ ನೂರಾ ಒಂದು. ಯುಗಾದಿಯ ಹೊತ್ತಿಗೆ ಶುರುವಾಯಿತು, ಗುಳಿಗೆಗೆ ಇಳಿದು ಮತ್ತೆ ಏರಿದೆ. ಹದಿನೈದು ದಿನದಿಂದ ರಕ್ತವಿದೆ. ನನಗೆ ಹೆದರಿಕೆಯಾಗುತ್ತಿದೆ. ಈ ಶಬ್ದವನ್ನು ನಾನು ಯಾರಿಗೂ ಬರೆದದ್ದು ನೆನಪಿಲ್ಲ.

ಬುಧವಾರ ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಇದೆ. ಇಷ್ಟು ವರ್ಷ ಒಬ್ಬಳೇ ಹೋಗಿ ಬಂದೆ. ಈ ಸಲ ಆಗಲಿಕ್ಕಿಲ್ಲ. ಏಳೂವರೆಯ ಬಸ್ಸಿಗೆ ಇಲ್ಲಿಂದ ಹತ್ತುತ್ತೇನೆ. ನೀನು ಬಾದಾಮಿ ಹಾಯ್ದು ಕುಳಗೇರಿ ಕ್ರಾಸಿಗೆ ಬಂದು ನಿಂತರೆ ನಿನ್ನನ್ನು ಕೂಡಿಸಿಕೊಳ್ಳಬಹುದು. ಅಲ್ಲಿಂದ ಮುಂದೆ ಎರಡು ತಾಸು ಹೊಲದ ದಾರಿ. ನಡುವೆ ಎಲ್ಲಿಯಾದರೂ ಬಸ್ಸು ನಿಲ್ಲಿಸಬೇಕಾಗುತ್ತದೆ. ಎಪ್ಪತ್ತೆರಡು ಅರ್ಜಿ ಬರೆದಿದ್ದೇನೆ, ತಂಗಿ, ಆದರೆ ತುಂಬಿದ ಬಸ್ಸಿನಲ್ಲಿ ಎದ್ದು ನಿಂತು ಆ ಒಂದು ಮಾತು ಕೂಗಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ನಿನ್ನ ಧ್ವನಿ ದೊಡ್ಡದು. ಬರ್ತೀಯಾ?

ಕಸ್ತೂರಿ